ಜರಡಿಯಲ್ಲ, ನೀರುಗಂಟಿ

ನನ್ನ ಬಳಿ ಜೀವಶಾಸ್ತ್ರ ಕಲಿತವರಿಗೆಲ್ಲ ನಾನೊಂದು ತಪ್ಪೊಪ್ಪಿಗೆ ಸಲ್ಲಿಸಬೇಕಾಗಿದೆ. 1974ರಿಂದ 2008ರವರೆಗೆ, ಮೂವತ್ತನಾಲ್ಕು ವರ್ಷ, ವಿಸರ್ಜನಾಂಗಗಳ ಪಾಠ ಬಂದಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳನ್ನು ಬರೆದು, "ಇವು ದೇಹದ ಜರಡಿಗಳು. ರಕ್ತದಲ್ಲಿರುವ ಕಸವನ್ನು ಸೋಸಿ ಹೊರಗೆ ಹಾಕುತ್ತವೆ" ಎಂದು ಹೇಳಿಕೊಟ್ಟೆ. ನೀವು ಅದನ್ನು ಬಾಯಿಪಾಠ ಮಾಡಿದಿರಿ. ಪರೀಕ್ಷೆಯಲ್ಲಿ ಅಂದವಾದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಪಡೆದಿರಿ. ನಾನೂ ಸಂತೋಷದಿಂದಲೇ ಕೊಟ್ಟೆ. ಆದರೆ ಆ ಹೋಲಿಕೆ ತಪ್ಪಾಗಿತ್ತು. ಎಷ್ಟು ತಪ್ಪೆಂಬುದು ನನಗೆ ಮನವರಿಕೆಯಾದದ್ದು ಯಾವ ಗ್ರಂಥದಿಂದಲೂ ಅಲ್ಲ. ಎಪ್ಪತ್ತರ ಹೊಸ್ತಿಲಲ್ಲಿ ನಿಂತಾಗ, ನನ್ನದೇ ಮೂತ್ರಪಿಂಡಗಳಿಂದ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಈಚೆಗೆ ಬಂಧುಗಳ ಮನೆಯ ನಾಮಕರಣಕ್ಕೆ ಹೋಗಿದ್ದೆ. ಊಟವಾದ ಮೇಲೆ ನಮ್ಮವನೇ ಆದ ತರುಣನೊಬ್ಬ ಹಸಿರು ದ್ರವ ತುಂಬಿದ ಸೀಸೆಯೊಂದನ್ನು ತೋರಿಸಿ, "ದೊಡ್ಡಪ್ಪ, ಇದನ್ನ ಹದಿನೈದು ದಿನ ಕುಡಿದರೆ ಲಿವರ್, ಕಿಡ್ನಿ ಎರಡೂ ಪೂರ್ತಿ ಕ್ಲೀನ್ ಆಗುತ್ತೆ. ನಿಮಗೂ ಒಂದು ತರಿಸಿಕೊಡ್ಲಾ?" ಎಂದು ಕೇಳಿದ. ಹುಡುಗ ವಿದ್ಯಾವಂತ, ಒಳ್ಳೆಯ ಮನಸ್ಸಿನವ. ಅಲ್ಲಿದ್ದ ಹತ್ತಾರು ಜನರಲ್ಲಿ ಯಾರಿಗೂ ಆ ಮಾತು ವಿಚಿತ್ರವಾಗಿ ಕೇಳಿಸಲಿಲ್ಲ. ಏಕೆ ಕೇಳಿಸೀತು? ಮೂತ್ರಪಿಂಡವು ಜರಡಿಯೆಂದು ಕಲಿತವರಿಗೆ, ಜರಡಿಯ ತೂತುಗಳಲ್ಲಿ ಕಸ ಸಿಕ್ಕಿಕೊಳ್ಳುತ್ತದೆ, ಆಗಾಗ ಅದನ್ನು ತೊಳೆಯಬೇಕಾಗುತ್ತದೆ ಎಂದು ತೋರುವುದು ಸಹಜವೇ. ಆ ಸೀಸೆ ಮಾರುವವನ ಕೆಲಸವನ್ನು ನನ್ನಂತಹ ಮೇಷ್ಟರುಗಳೇ ಅರ್ಧ ಮುಗಿಸಿಕೊಟ್ಟಿದ್ದೇವೆ ಎಂದು ಅಂದು ಅನ್ನಿಸಿತು.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ದಿನವಿಡೀ ನಿಂತೇ ಪಾಠ ಮಾಡಿದ ಕಾಲುಗಳು ನಿವೃತ್ತಿಯ ನಂತರ ದೂರು ಹೇಳತೊಡಗಿದವು. 2011ರಲ್ಲಿ ಮಂಡಿನೋವಿಗೆಂದು ವೈದ್ಯರೊಬ್ಬರು ಐದು ದಿನಕ್ಕೆ ಡೈಕ್ಲೋಫೆನ್ಯಾಕ್ ಮಾತ್ರೆ ಬರೆದುಕೊಟ್ಟರು. ನೋವು ಇಳಿಯಿತು. ಐದು ದಿನ ಮುಗಿದ ಮೇಲೆ ಮತ್ತೆ ಬಂತು. ನಾನು ವೈದ್ಯರ ಬಳಿಗೆ ಹೋಗುವ ಬದಲು ಔಷಧದಂಗಡಿಗೆ ಹೋದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮಾತ್ರೆ ಅದು. ಆದರೆ ಮೇಷ್ಟರನ್ನು ಚೀಟಿ ಕೇಳುವವರು ಯಾರು? ಹೀಗೆ ಐದು ದಿನದ ಮಾತ್ರೆಯನ್ನು ಎಂಟು ವರ್ಷ ನುಂಗಿದೆ. ರಕ್ತದೊತ್ತಡದ ಮಾತ್ರೆಯೂ ಜೊತೆಗಿತ್ತು. ಮೈಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ನೋವಿಲ್ಲ, ಮೂತ್ರ ಕಡಮೆಯಾಗಿಲ್ಲ, ಊಟ ನಿದ್ರೆಗಳಿಗೆ ಕೊರತೆಯಿಲ್ಲ.

2019ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತಪರೀಕ್ಷೆ ಮಾಡಿಸಬೇಕಾಯಿತು. ಆ ಪ್ರಯೋಗಾಲಯದಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ನೆಫ್ರಾನಿನ ಚಿತ್ರ ಸರಿಯಾಗಿ ಬರೆಯಲಿಲ್ಲವೆಂದು ನಾನೇ ಒಮ್ಮೆ ಅಂಗೈಗೆ ಏಟು ಕೊಟ್ಟಿದ್ದ ಹುಡುಗ. ವರದಿಯನ್ನು ಕೈಗೆ ಕೊಡದೆ ನನ್ನನ್ನು ಕೂರಿಸಿದ.

"ಸಾರ್, ಏನೇನು ಮಾತ್ರೆ ತಗೋತಿದ್ದೀರಿ?"

"ಬಿ.ಪಿ.ಗೆ ಒಂದು. ಮಂಡಿನೋವಿಗೆ ಒಂದು. ಅಷ್ಟೇ ಕಣಪ್ಪ."

"ಮಂಡಿನೋವಿಂದು ಎಷ್ಟು ದಿನದಿಂದ ಸಾರ್?"

"ಎಂಟು ವರ್ಷ ಆಯ್ತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕ್ರಿಯಾಟಿನಿನ್ ಎರಡು ದಾಟಿದೆ ಸಾರ್. ಆ ಮಾತ್ರೇನ ಇವತ್ತಿಂದಲೇ ಬಿಡಿ. ನಾಳೆ ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ" ಎಂದ.

ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳ ದಿನನಿತ್ಯದ ಕೆಲಸದಿಂದ ಹುಟ್ಟುವ ತ್ಯಾಜ್ಯ. ಆರೋಗ್ಯವಂತ ಗಂಡಸಿನ ರಕ್ತದಲ್ಲಿ ಅದು ಪ್ರತಿ ಡೆಸಿಲೀಟರಿಗೆ ಸುಮಾರು 1.2 ಮಿಲಿಗ್ರಾಂ ಮೀರುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಮೂತ್ರಪಿಂಡಗಳ ಶಕ್ತಿ ಹೆಚ್ಚು ಕಡಿಮೆ ಅರ್ಧದಷ್ಟು ನಷ್ಟವಾಗುವವರೆಗೂ ಈ ಅಂಕಿ ಎದ್ದು ಕಾಣುವಂತೆ ಏರುವುದಿಲ್ಲ. ಅಂದರೆ ವರದಿ ನನ್ನ ಕೈಗೆ ಬರುವ ವೇಳೆಗೆ ಅರ್ಧಕ್ಕಿಂತ ಹೆಚ್ಚು ಆಸ್ತಿ ಕರಗಿಹೋಗಿತ್ತು. ಯಜಮಾನನಿಗೆ ತಿಳಿದಿರಲಿಲ್ಲ.

ಆ ನಂತರವೇ ನಾನು ಮೂವತ್ತನಾಲ್ಕು ವರ್ಷ ಬೋಧಿಸಿದ ಪಾಠವನ್ನು ನಿಜವಾಗಿ ಓದಲು ಕುಳಿತದ್ದು. ಓದಿದಂತೆಲ್ಲ ಬೆರಗೂ ನಾಚಿಕೆಯೂ ಒಟ್ಟಿಗೇ ಆದವು.

ಸುಮಾರು ನೂರೈವತ್ತು ಗ್ರಾಂ ತೂಗುವ, ಮುಷ್ಟಿಯ ಗಾತ್ರದ ಒಂದೊಂದು ಮೂತ್ರಪಿಂಡದಲ್ಲಿಯೂ ಹತ್ತಿರ ಹತ್ತಿರ ಹತ್ತು ಲಕ್ಷ ನೆಫ್ರಾನುಗಳಿವೆ. ಹೃದಯ ಒತ್ತಿ ಕಳಿಸುವ ರಕ್ತದಲ್ಲಿ ಐದನೆಯ ಒಂದು ಭಾಗ ಇವೆರಡು ಪುಟ್ಟ ಅಂಗಗಳಿಗೇ ಹೋಗುತ್ತದೆ. ಅಲ್ಲಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವ ಸೋಸಿ ಹೊರಬರುತ್ತದೆ. ನಾವು ವಿಸರ್ಜಿಸುವ ಮೂತ್ರವಾದರೋ ಒಂದೂವರೆ ಲೀಟರು. ಉಳಿದ 178 ಲೀಟರಿಗೂ ಮಿಕ್ಕಿದ ದ್ರವ ಎಲ್ಲಿ ಹೋಯಿತು? ಮರಳಿ ರಕ್ತಕ್ಕೆ! ಹಬ್ಬದ ಹಿಂದಿನ ದಿನ ನಮ್ಮ ತಾಯಂದಿರು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹಾಕಿ, ಬೇಕಾದುದನ್ನು ಮಾತ್ರ ಒಂದೊಂದಾಗಿ ಒಳಗೆ ಒಯ್ಯುತ್ತಿದ್ದುದನ್ನು ನೆನಪಿಸಿಕೊಳ್ಳಿ. ನೆಫ್ರಾನು ಮಾಡುವುದು ಅದನ್ನೇ. ರಕ್ತಕಣ, ದೊಡ್ಡ ಪ್ರೋಟೀನುಗಳನ್ನು ಬಿಟ್ಟು ಉಳಿದ ಸಣ್ಣಪುಟ್ಟದ್ದೆಲ್ಲ ಮೊದಲು ಹೊರಗೆ. ಬಳಿಕ ಸಕ್ಕರೆಯನ್ನೆಲ್ಲ ಒಳಗೆ, ಉಪ್ಪನ್ನು ಬೇಕಾದಷ್ಟು ಒಳಗೆ, ನೀರನ್ನು ಅಂದಿನ ಅಗತ್ಯಕ್ಕೆ ತಕ್ಕಷ್ಟು ಒಳಗೆ. ಬೇಸಗೆಯಲ್ಲಿ ಬೆವರಿ ಬಂದ ದಿನ ಮೂತ್ರ ಕಡಮೆಯಾಗಿ ಹಳದಿಯಾಗುವುದೂ, ಮಳೆಗಾಲದ ತಂಪಿನಲ್ಲಿ ತಿಳಿಯಾಗಿ ಹೆಚ್ಚುವುದೂ ಈ ಲೆಕ್ಕಾಚಾರದಿಂದಲೇ.

ಜರಡಿಗೆ ಈ ವಿವೇಕ ಎಲ್ಲಿಂದ ಬರಬೇಕು? ಇದು ಜರಡಿಯ ಕೆಲಸವಲ್ಲ, ನೀರುಗಂಟಿಯ ಕೆಲಸ. ನಮ್ಮ ಊರಿನ ಕೆರೆಗೆ ಒಬ್ಬ ನೀರುಗಂಟಿಯಿದ್ದ. ಹೊರಗಿನವರ ಕಣ್ಣಿಗೆ ಅವನು ತೂಬು ತೆಗೆದು ನೀರು ಬಿಡುವವನು, ಅಷ್ಟೇ. ಆದರೆ ಅವನ ನಿಜವಾದ ವಿದ್ಯೆ ಎಷ್ಟು ಬಿಡಬೇಕು, ಎಷ್ಟು ಉಳಿಸಬೇಕು, ಯಾವ ಗದ್ದೆಗೆ ಎಂದು ನೀರು ಬೇಕು ಎಂಬುದನ್ನು ಅರಿಯುವುದರಲ್ಲಿತ್ತು. ಕೆರೆ ಒಡೆಯಲೂ ಬಾರದು, ಬತ್ತಲೂ ಬಾರದು. ಮೂತ್ರಪಿಂಡ ನಮ್ಮೊಳಗಿನ ನೀರುಗಂಟಿ. ರಕ್ತದ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವೇ ನಿಂತುಹೋಗಬಹುದು. ಅದು ಮೀರದಂತೆ ಕಾಯುವುದು ಇದೇ. ರಕ್ತದ ಆಮ್ಲ ಕ್ಷಾರಗಳ ಪ್ರಮಾಣ 7.35ರಿಂದ 7.45 ಎಂಬ ಕಿರಿದಾದ ಗೆರೆಯೊಳಗೆ ನಿಲ್ಲುವಂತೆ ಶ್ವಾಸಕೋಶಗಳೊಡನೆ ಸೇರಿ ನೋಡಿಕೊಳ್ಳುವುದೂ ಇದೇ. ರಕ್ತದೊತ್ತಡವನ್ನು ಹಿಡಿತದಲ್ಲಿಡುವುದರಲ್ಲಿ ಇದರ ಪಾತ್ರ ದೊಡ್ಡದು. ಕೆಂಪು ರಕ್ತಕಣಗಳನ್ನು ತಯಾರಿಸೆಂದು ಮೂಳೆಯ ಮಜ್ಜೆಗೆ ಹೇಳಿಕಳಿಸುವುದೂ, ಡಿ ಜೀವಸತ್ವವನ್ನು ಬಳಕೆಗೆ ಯೋಗ್ಯವಾಗಿಸುವುದೂ ಇದೇ.

ಇನ್ನು ಯಕೃತ್ತು. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಕುಳಿತಿರುವ, ಒಂದೂವರೆ ಕಿಲೋ ತೂಗುವ ಈ ಅಂಗವನ್ನು ನಾನು "ಪಿತ್ತರಸ ತಯಾರಿಸುವ ಗ್ರಂಥಿ" ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಕರುಳಿನಿಂದ ಹೊರಟ ರಕ್ತವೆಲ್ಲ ಮೊದಲು ಇದರ ಬಾಗಿಲಿಗೆ ಬರುತ್ತದೆ. ಇದಕ್ಕೆ ಸೇರುವ ರಕ್ತದ ಮುಕ್ಕಾಲು ಪಾಲು ಆ ದಾರಿಯದೇ. ಉಂಡ ಮೇಲೆ ಏರುವ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕಣಜಕ್ಕೆ ತುಂಬಿ, ಉಪವಾಸದ ರಾತ್ರಿ ಹದವರಿತು ಹೊರಗೆ ಬಿಡುತ್ತದೆ. ನೂರಿಪ್ಪತ್ತು ದಿನ ಬಾಳಿ ಸವೆದ ಕೆಂಪು ಕಣಗಳು ಒಡೆದಾಗ ಹುಟ್ಟುವ ಹಳದಿ ಬಿಲಿರುಬಿನ್ನನ್ನು ಪಿತ್ತದೊಡನೆ ಸಾಗಹಾಕುತ್ತದೆ. ಆ ಕೆಲಸ ಕೆಟ್ಟಾಗ ನಮಗೆ ಕಾಣುವುದೇ ಕಾಮಾಲೆ. ಪ್ರೋಟೀನು ಜೀರ್ಣವಾದಾಗ ಹುಟ್ಟುವ ಅಮೋನಿಯ ಮೆದುಳಿಗೆ ವಿಷ. ಅದನ್ನು ಯಕೃತ್ತು ಹೆಚ್ಚು ಅಪಾಯವಿಲ್ಲದ ಯೂರಿಯಾ ಆಗಿ ಪರಿವರ್ತಿಸುತ್ತದೆ. ಆ ಚಕ್ರವನ್ನು ಹಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸಲೈಟ್ ಎಂಬ ಜರ್ಮನಿಯ ವಿಜ್ಞಾನಿಗಳು 1932ರಲ್ಲಿ ವಿವರಿಸಿದರು. ಯಕೃತ್ತು ಕಟ್ಟಿಕೊಟ್ಟ ಯೂರಿಯಾವನ್ನು ಹೊರಗೆ ಸಾಗಿಸುವುದು ಮೂತ್ರಪಿಂಡ. ಒಂದು ಸೋತರೆ ಇನ್ನೊಂದು ಒಂಟಿ.

ಈ ಒಳಗಿನ ಸಮತೋಲನವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವನು ಫ್ರಾನ್ಸಿನ ಕ್ಲಾಡ್ ಬರ್ನಾರ್. ಯಕೃತ್ತಿನ ಗ್ಲೈಕೋಜನ್ನನ್ನು ಕಂಡುಹಿಡಿದವನೂ ಅವನೇ. ಹೊರಗೆ ಬಿಸಿಲಿರಲಿ ಚಳಿಯಿರಲಿ, ಜೀವಕೋಶಗಳು ಬಾಳುವ ಒಳಗಿನ ಪರಿಸರ ಸ್ಥಿರವಾಗಿರುವುದರಿಂದಲೇ ನಾವು ಸ್ವತಂತ್ರವಾಗಿ ಬದುಕಬಲ್ಲೆವು ಎಂಬುದು ಅವನ ಕಾಣ್ಕೆ. ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಇದಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟ. ಕನ್ನಡದಲ್ಲಿ ಸಮಸ್ಥಿತಿ ಎನ್ನಬಹುದು. ನನ್ನ ತರಗತಿಯಲ್ಲಿ ನಾನು ಈ ಪದವನ್ನು ಒಮ್ಮೆಯೂ ಉಚ್ಚರಿಸಿದ ನೆನಪಿಲ್ಲ. ಕಸದ ವಿಚಾರ ಹೇಳಿದೆ. ಕಸ ಹೊರಹಾಕುವುದು ಯಾವುದರ ಸಲುವಾಗಿ ಎಂಬುದನ್ನು ಹೇಳಲಿಲ್ಲ.

ಈಗ ಆ ಹಸಿರು ಸೀಸೆಗೆ ಮರಳೋಣ. ಅದನ್ನು ಮಾರುವವರಿಗೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಯಾವ ವಿಷವನ್ನು ತೆಗೆಯುತ್ತೀರಿ? ಅದರ ಹೆಸರೇನು? ಕುಡಿಯುವ ಮುನ್ನ ಎಷ್ಟಿತ್ತು, ಕುಡಿದ ಮೇಲೆ ಎಷ್ಟಾಯಿತು?" ಕ್ರಿಯಾಟಿನಿನ್, ಯೂರಿಯಾ, ಬಿಲಿರುಬಿನ್ ಎಲ್ಲವನ್ನೂ ಅಳೆಯಬಹುದು. "ಟಾಕ್ಸಿನ್" ಎಂಬ ಹೆಸರಿಲ್ಲದ ವಿಷವನ್ನು ಮಾತ್ರ ಅಳೆಯಲಾಗದು. ಆರೋಗ್ಯವಾಗಿರುವ ಯಕೃತ್ತಿಗೂ ಮೂತ್ರಪಿಂಡಕ್ಕೂ ತೊಳೆಯುವವರು ಬೇಡ. ಕೆಟ್ಟಿರುವ ಅಂಗಗಳಿಗೆ ಆ ರಸ ಮತ್ತಷ್ಟು ಹೊರೆ. ಕೊಬ್ಬು ಕರಗುತ್ತದೆಂದು ಬಿಂಬುಳಿಕಾಯಿಯ ಗಟ್ಟಿ ರಸ ಕುಡಿದವರ ಮೂತ್ರಪಿಂಡಗಳಲ್ಲಿ ಆಕ್ಸಲೇಟ್ ಹರಳು ತುಂಬಿ ಅವು ಕೆಟ್ಟುದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ದಾರೆಹುಳಿ ಹಣ್ಣು ಪ್ರಾಣಾಪಾಯ ತರಬಹುದು. ನೀರಿನ ಮಾತೂ ಅಷ್ಟೆ. ಎಲ್ಲರಿಗೂ ದಿನಕ್ಕೆ ಐದಾರು ಲೀಟರು ಕುಡಿಯಿರೆಂದು ಉಪದೇಶಿಸುವವರಿದ್ದಾರೆ. ಸೋತ ನೀರುಗಂಟಿಯ ಕೆರೆಗೆ ಹೊಳೆಯನ್ನೇ ತಿರುಗಿಸಿದರೆ ಏನಾದೀತು? ಗಿಡದಿಂದ ಬಂದದ್ದು, ಆದ್ದರಿಂದ ನಿರಪಾಯ ಎಂಬ ಮಾತನ್ನು ಹಳ್ಳಿಯಲ್ಲಿ ಹುಟ್ಟಿದ ನಾವು ನಂಬಬಾರದು. ದತ್ತೂರವೂ ಗಿಡವೇ, ಕಾಸರಕನ ಬೀಜವೂ ಮರದ್ದೇ.

ಆದರೆ ಹಸಿರು ಸೀಸೆಯನ್ನು ಮಾತ್ರ ಬೈದರೆ ನಾನು ಪ್ರಾಮಾಣಿಕನಾಗುವುದಿಲ್ಲ. ನನ್ನನ್ನು ಕೆಡಿಸಿದ್ದು ಕಷಾಯವಲ್ಲ, ಆಧುನಿಕ ವಿಜ್ಞಾನವೇ ತಯಾರಿಸಿದ ಒಳ್ಳೆಯ ಔಷಧ. ಮೂತ್ರಪಿಂಡಕ್ಕೆ ರಕ್ತ ಕಡಮೆಯಾದಾಗ, ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಅದರ ಒಳದಾರಿಯ ಸಣ್ಣ ರಕ್ತನಾಳಗಳನ್ನು ಅಗಲವಾಗಿಟ್ಟು ಹರಿವನ್ನು ಕಾಪಾಡುತ್ತವೆ. ನೋವು ಹುಟ್ಟಿಸುವುದರಲ್ಲಿಯೂ ಅವುಗಳ ಪಾಲಿದೆ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಆ ರಾಸಾಯನಿಕಗಳು ತಯಾರಾಗದಂತೆ ತಡೆಯುತ್ತವೆ. ನೋವೇನೋ ಇಳಿಯುತ್ತದೆ, ಜೊತೆಗೇ ಮೂತ್ರಪಿಂಡದ ತೂಬು ಕಿರಿದಾಗುತ್ತದೆ. ಆರೋಗ್ಯವಂತ ಯುವಕ ಎರಡು ಮೂರು ದಿನ ನುಂಗಿದರೆ ಸಾಮಾನ್ಯವಾಗಿ ತೊಂದರೆಯಾಗದು. ಮುಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೇಸಗೆಯ ಬೆವರು ಇವು ಜೊತೆಗೂಡಿದಾಗ ಅಪಾಯ.

ಇದೇ ಔಷಧದ ಇನ್ನೊಂದು ಕಥೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಾಣುತ್ತಿದ್ದೇನೆಂದು ತಿಳಿಯದೆ. ನನ್ನ ಹುಟ್ಟೂರು ರಾಮನಗರದ ಸೀಮೆಯಲ್ಲಿದೆ. ನಮ್ಮ ಹಿರಿಯರು ಆ ಪಟ್ಟಣವನ್ನು ಕ್ಲೋಸುಪೇಟೆ ಎಂದೇ ಕರೆಯುತ್ತಿದ್ದರು. ನನ್ನ ಬಾಲ್ಯದಲ್ಲಿ ಊರಾಚೆಯ ಹಳ್ಳಕ್ಕೆ ಸತ್ತ ದನವನ್ನು ಎಳೆದು ಹಾಕಿದರೆ, ಬಂಡೆಗಳ ಕಡೆಯಿಂದ ರಣಹದ್ದುಗಳು ಹಾರಿಬಂದು ಬೇಗನೆ ಮೂಳೆಯಷ್ಟನ್ನೇ ಉಳಿಸುತ್ತಿದ್ದವು. ಊರಿನ ಕೊಳೆಯನ್ನು ಕಳೆಯುತ್ತಿದ್ದ ಆ ಹಕ್ಕಿಗಳು 1990ರ ದಶಕದಿಂದೀಚೆಗೆ ಭಾರತದಾದ್ಯಂತ ಇಲ್ಲವಾಗುತ್ತ ಬಂದವು. ಬಿಳಿಬೆನ್ನಿನ ರಣಹದ್ದುಗಳಂತೂ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಕಾರಣ ಬಹುಕಾಲ ತಿಳಿಯಲಿಲ್ಲ. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿ 2004ರಲ್ಲಿ ಉತ್ತರ ಪ್ರಕಟಿಸಿದರು. ಹಕ್ಕಿಗಳು ನಮ್ಮಂತೆ ಯೂರಿಯಾ ವಿಸರ್ಜಿಸುವುದಿಲ್ಲ, ಯೂರಿಕ್ ಆಮ್ಲ ವಿಸರ್ಜಿಸುತ್ತವೆ. ಸತ್ತ ರಣಹದ್ದುಗಳ ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಹರಳು ಹರಡಿತ್ತು. ಮೂತ್ರಪಿಂಡಗಳು ಕೈಕೊಟ್ಟಿದ್ದವು. ಸಾಯುವ ಮುನ್ನ ದನಗಳಿಗೆ ಕೊಟ್ಟಿದ್ದ ಡೈಕ್ಲೋಫೆನ್ಯಾಕ್ ಅದಕ್ಕೆ ಕಾರಣ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಮೆ ಹೆಣದಲ್ಲಿ ಔಷಧವಿದ್ದರೂ ಇಷ್ಟು ದೊಡ್ಡ ನಾಶಕ್ಕೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಲಾಯಿತು.

ಭಾರತ ಸರ್ಕಾರ 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿತು. 2023ರಲ್ಲಿ ಅದೇ ಬಗೆಯ ಕೀಟೊಪ್ರೊಫೆನ್, ಅಸೆಕ್ಲೋಫೆನ್ಯಾಕ್‌ಗಳನ್ನೂ ಪಶುಗಳಿಗೆ ಬಳಸದಂತೆ ತಡೆಯಿತು. ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಉದ್ದಕೊಕ್ಕಿನ ಕೆಲವೇ ಹಕ್ಕಿಗಳು ಉಳಿದುಕೊಂಡಿದ್ದ ತಾಣವದು. ಮನುಷ್ಯನ ಮೂತ್ರಪಿಂಡ ರಣಹದ್ದಿನದಷ್ಟು ಸೂಕ್ಷ್ಮವಲ್ಲ, ನಿಜ. ಆದರೂ 2006ರಲ್ಲಿ ಆ ನಿಷೇಧದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾನೇ ಅದನ್ನು ತರಗತಿಯಲ್ಲಿ ಓದಿಹೇಳಿದ್ದೆ. ಐದು ವರ್ಷಗಳ ನಂತರ ಅದೇ ಹೆಸರಿನ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುವಾಗ ನನಗದು ನೆನಪಾಗಲಿಲ್ಲ. ಓದಿದ್ದು ಬೇರೆ, ಬದುಕಿದ್ದು ಬೇರೆ ಆಗಿತ್ತು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲನೆಯದು, ಇಂದು ಶಾಲೆಗಳಲ್ಲಿ ಪಾಠ ಹೇಳುತ್ತಿರುವ ನನ್ನ ವಿದ್ಯಾರ್ಥಿಗಳಿಗೆ: ವಿಸರ್ಜನೆಯ ಪಾಠವನ್ನು ಕಸದಿಂದ ಆರಂಭಿಸಬೇಡಿ, ಸಮಸ್ಥಿತಿಯಿಂದ ಆರಂಭಿಸಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಎರಡನೆಯದು, ಔಷಧದಂಗಡಿ ಇಟ್ಟಿರುವವರಿಗೆ: ನೋವಿನ ಮಾತ್ರೆಯನ್ನು ಪೆಪ್ಪರಮೆಂಟಿನಂತೆ ಕೊಡಬೇಡಿ, ಕೇಳಿದವರು ನಿಮ್ಮ ಮೇಷ್ಟರೇ ಆದರೂ ಚೀಟಿ ಕೇಳಿ. ಮೂರನೆಯದು, ಎಲ್ಲರಿಗೂ: ನಲವತ್ತು ದಾಟಿದವರು, ಅದರಲ್ಲಿಯೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಳ್ಳಿ. ಹಸಿರು ಸೀಸೆಯ ಬೆಲೆಗೆ ಹೋಲಿಸಿದರೆ ಇದಕ್ಕೆ ಬೀಳುವ ಖರ್ಚು ಅಲ್ಪ. ನೋವನ್ನು ಸಹಿಸಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ನೋವಿಗೆ ಮದ್ದಿದೆ, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಲಿ ಎನ್ನುತ್ತಿದ್ದೇನೆ.

ಕೆಟ್ಟರೆ ಯಂತ್ರವಿದೆಯಲ್ಲ ಎನ್ನುವವರೂ ಇದ್ದಾರೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ನೆದರ್‌ಲೆಂಡ್ಸಿನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಮಾಂಸದ ತಿನಿಸು ತುಂಬಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಮೊದಲ ಡಯಾಲಿಸಿಸ್ ಯಂತ್ರ ಮಾಡಿದ. ಅವನ ಚಿಕಿತ್ಸೆಯಿಂದ ಮೊದಲ ರೋಗಿ ಬದುಕಿ ಉಳಿದದ್ದು 1945ರಲ್ಲಿ. ಆ ಮಹಾನುಭಾವನಿಗೆ ನಮಸ್ಕಾರ. ಇಂದು ಬಡವರಿಗೂ ಡಯಾಲಿಸಿಸ್ ಸಿಗಲೆಂದು 2016ರಲ್ಲಿ ಕೇಂದ್ರ ಸರ್ಕಾರ ಕಾರ್ಯಕ್ರಮ ಆರಂಭಿಸಿದ್ದೂ ದೊಡ್ಡ ಸಂಗತಿ. ಆದರೆ ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿದರೂ ಅದು ಹಗಲಿರುಳು ಎಚ್ಚರಿರುವ ನೀರುಗಂಟಿಗೆ ಸಮನಾಗದು. ನಾನು ಹೇಳಿಕೊಟ್ಟ ಜರಡಿ ನಿಜವಾಗಿ ಇರುವುದು ಆ ಯಂತ್ರದಲ್ಲಿ. ದೇಹದಲ್ಲಿರುವುದು ಅದಕ್ಕಿಂತ ಬಹಳ ದೊಡ್ಡದು.

ನನ್ನ ವಿಚಾರದಲ್ಲಿ ಅದೃಷ್ಟ ಪೂರ್ತಿ ಕೈಬಿಡಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಕ್ರಿಯಾಟಿನಿನ್ 1.6ಕ್ಕೆ ಇಳಿದು, ಇಂದಿನವರೆಗೆ ಅಲ್ಲಿಯೇ ಆಸುಪಾಸಿನಲ್ಲಿ ನಿಂತಿದೆ. ಹೋದದ್ದು ಮರಳಿ ಬಾರದು, ಉಳಿದುದನ್ನು ಕಾಪಾಡಿಕೊಳ್ಳುತ್ತಿದ್ದೇನೆ. ಉಪ್ಪಿನಕಾಯಿ, ಹಪ್ಪಳಗಳನ್ನು ಮನೆಯಾಕೆ ನನ್ನ ಎಲೆಯಿಂದ ಗಡೀಪಾರು ಮಾಡಿದ್ದಾಳೆ. ಮಂಡಿ ನೋಯುತ್ತದೆ, ವೈದ್ಯರು ಹೇಳಿದ ವ್ಯಾಯಾಮ, ಬಿಸಿನೀರಿನ ಶಾಖ, ಒಂದು ಊರುಗೋಲು ಜೊತೆಗಿವೆ. ಮೂರು ತಿಂಗಳಿಗೊಮ್ಮೆ ಅದೇ ಪ್ರಯೋಗಾಲಯಕ್ಕೆ ಹೋಗಿ, ಅಂದು ನಾನು ಏಟು ಕೊಟ್ಟ ಹುಡುಗನ ಮುಂದೆ ಕೈ ಚಾಚಿ ಕೂರುತ್ತೇನೆ. ಅವನು ಸೂಜಿ ಚುಚ್ಚುವಾಗ "ನೋವಾಯ್ತಾ ಸಾರ್?" ಎಂದು ಪ್ರತಿ ಸಲವೂ ಕೇಳುತ್ತಾನೆ.

ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಆ ಕಾಲದ ಜೀವಶಾಸ್ತ್ರದ ನೋಟ್ಸ್ ಪುಸ್ತಕ ಉಳಿದಿದ್ದರೆ, ದಯವಿಟ್ಟು ಇಳಿಸಿ, "ಜರಡಿ" ಎಂಬ ಪದವನ್ನು ಹೊಡೆದುಹಾಕಿ ಪಕ್ಕದಲ್ಲಿ "ನೀರುಗಂಟಿ" ಎಂದು ಬರೆದುಕೊಳ್ಳಿ. ಅಂದು ಕೊಟ್ಟ ಅಂಕಗಳನ್ನು ನಾನು ವಾಪಸು ಕೇಳುವುದಿಲ್ಲ. ಎಲ್ಲರಿಗೂ ಆಯುರಾರೋಗ್ಯವಾಗಲಿ.